ಬೇಲ್ ಆದರೆ ಕೇಸು ಬಿದ್ದುಹೋಯಿತೇ?

ಕೊಯ್ಲಿನ ಸಮಯ. ಹೊಸನಗರ ಕಡೆಯ ಹಿರಿಯರೊಬ್ಬರು ಶಿವಮೊಗ್ಗದ ನನ್ನ ಆಫೀಸಿಗೆ ಬಂದರು. ಬೆರಳಿಗೆ ಹತ್ತಿದ ಅಡಿಕೆ ಚೊಗರು ಇನ್ನೂ ಹೋಗಿರಲಿಲ್ಲ. ಒಣಹಾಕಿದ್ದ ಅಡಿಕೆಯಲ್ಲಿ ಎರಡು ಮೂಟೆ ಕಳುವಾಗಿತ್ತು.

“ವಕೀಲ್ರೇ, ಹದಿನೈದೇ ದಿನಕ್ಕೆ ಅವನಿಗೆ ಬೇಲ್ ಆಯ್ತಂತೆ. ಬಿಟ್ಟೇಬಿಟ್ರಾ?”

ಬಿಟ್ಟಿಲ್ಲ ಮಾರಾಯ್ರೇ! ಈ ಪ್ರಶ್ನೆಗೆ ಉತ್ತರ ಹೇಳದ ವಾರವೇ ನನಗಿಲ್ಲ. ವಿಚಾರಣೆಗೆ ಮೊದಲು ಆರೋಪಿಯನ್ನು ಒಳಗಿಡುವುದು ಅವನು ತಲೆಮರೆಸಿಕೊಳ್ಳಬಾರದು, ಸಾಕ್ಷಿಗಳನ್ನು ಹೆದರಿಸಬಾರದು ಎಂದು. ಆ ಭಯವಿಲ್ಲದಿದ್ದರೆ ಸಾಮಾನ್ಯವಾಗಿ ಬೇಲ್ ಸಿಗುತ್ತದೆ. ಕೇಸು ಇದ್ದಲ್ಲೇ ಇರುತ್ತದೆ. ಶಿಕ್ಷೆಯ ಮಾತು ತೀರ್ಪಿನ ನಂತರ.

ಸೆರೆಮನೆ ಇರುವುದು ಜನರನ್ನು ಹಿಡಿದಿಡಲಿಕ್ಕೆ, ದಂಡಿಸಲಿಕ್ಕಲ್ಲ ಎಂದು ರೋಮನ್ ನ್ಯಾಯವೇತ್ತ ಅಲ್ಪಿಯನ್ ಹೇಳಿದ್ದ. ಯುರೋಪಿನಲ್ಲಿ 18ನೇ ಶತಮಾನದವರೆಗೂ ಶಿಕ್ಷೆಯೆಂದರೆ ಹೆಚ್ಚಾಗಿ ಛಡಿಯೇಟು, ಗಲ್ಲು, ಗಡೀಪಾರು, ಜುಲ್ಮಾನೆ. 1764ರಲ್ಲಿ ಇಟಲಿಯ ಚಿಂತಕ ಬೆಕಾರಿಯಾ ಚಿತ್ರಹಿಂಸೆ, ಮರಣದಂಡನೆಗಳ ವಿರುದ್ಧ ಬರೆದ. ಮುಂದಿನ ನೂರು ವರ್ಷಗಳಲ್ಲಿ ಮೈಮೇಲಿನ ಶಿಕ್ಷೆ ಕಡಿಮೆಯಾಗುತ್ತ, ವರ್ಷಗಟ್ಟಲೆ ಸೆರೆಯೇ ಶಿಕ್ಷೆಯಾಯಿತು. ಈಗ ನಮ್ಮ ಸೋಗಾನೆ ಜೈಲಿನಲ್ಲೂ ಶಿಕ್ಷೆಯಾದವರು, ವಿಚಾರಣಾಧೀನರು ಒಂದೇ ಕಾಂಪೌಂಡಿನೊಳಗೆ. ಹೊರಗಿನವರಿಗೆ ವ್ಯತ್ಯಾಸ ಕಾಣುವುದಾದರೂ ಹೇಗೆ? ದೇಶದ ಜೈಲುಗಳಲ್ಲಿ 2022ರ ಕೊನೆಗೆ ನಾಲ್ವರಲ್ಲಿ ಮೂವರು ವಿಚಾರಣಾಧೀನರೇ ಆಗಿದ್ದರು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಹಿಂದೆಂದೂ ಶಿಕ್ಷೆಯಾಗಿರದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಿಡುಗಡೆಗೆ ಅವಕಾಶವಿದೆ. ಸಾಧಾರಣ ಕಳ್ಳತನಕ್ಕೆ ಗರಿಷ್ಠ 3 ವರ್ಷ, ಅದರ ಮೂರನೇ ಒಂದು ಭಾಗವೆಂದರೆ ಒಂದು ವರ್ಷ. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದು ಅನ್ವಯಿಸದು. ಬೇರೆ ಕೇಸುಗಳಿದ್ದರೂ ತೊಡಕು. ಇದನ್ನು ಓದಿ ನಿಮ್ಮ ಕೇಸನ್ನು ನೀವೇ ತೀರ್ಮಾನಿಸಬೇಡಿ, ಕಾಗದಪತ್ರ ತೋರಿಸಿ ಕೇಳಿ.

ಹಿರಿಯರು ತಲೆಯಾಡಿಸಿದರು, ಒಪ್ಪಲಿಲ್ಲ. “ಒಂದಾರು ತಿಂಗಳು ಒಳಗಿದ್ರೆ ಏನು ನಷ್ಟ?”

ಆಗ ಹಳೆಯ ಕಕ್ಷಿದಾರನೊಬ್ಬನ ವಿಷಯ ಹೇಳಿದೆ. ಕೂಲಿ ಮಾಡುವ ಹುಡುಗ. ಬೇಲ್ ಆದೇಶವಾದರೂ ಜಾಮೀನಿಗೆ ಪಹಣಿ ಕೊಡುವವರು ಸಿಗದೆ ಹತ್ತು ತಿಂಗಳು ಒಳಗಿದ್ದ. ಷರತ್ತು ಸಡಿಲಿಸಲು ನಾನು ಇನ್ನೂ ಬೇಗ ಅರ್ಜಿ ಹಾಕಬೇಕಿತ್ತು. ಆ ಸಂಕಟ ಇವತ್ತಿಗೂ ಇದೆ. ಕೊನೆಗೆ ಖುಲಾಸೆಯಾಯಿತು. ಶಿಕ್ಷೆಯಾಗಿದ್ದರೆ ಆ ಹತ್ತು ತಿಂಗಳನ್ನು ಅದರಲ್ಲಿ ವಜಾ ಹಾಕುತ್ತಿದ್ದರು. ನಿರಪರಾಧಿಗೆ ಯಾವುದರಲ್ಲಿ ವಜಾ ಹಾಕುವುದು? ಅವನ ತಾಯಿ ನನ್ನನ್ನು ಕೇಳಿದ್ದೂ ಅದನ್ನೇ.

ಹಿರಿಯರು ಸ್ವಲ್ಪ ಹೊತ್ತು ಬೆರಳ ಕಪ್ಪು ಉಜ್ಜುತ್ತ ಕೂತರು.

“ಹಾಗಾದ್ರೆ ನಾನು ಸಾಕ್ಷಿ ಹೇಳೋದು ಯಾವಾಗ?”

“ಸಮನ್ಸ್ ಬರುತ್ತೆ. ಆ ದಿನ ಮಾತ್ರ ತಪ್ಪಿಸ್ಬೇಡಿ.”