ನೆಗೆಟಿವ್ ಬಂದ ಮೇಲೂ 21 ದಿನ ಏಕೆ?

2023ರ ಸೆಪ್ಟೆಂಬರ್‌ನಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಫಾ ವೈರಸ್ ಸೋಂಕು ಮತ್ತೆ ಕಾಣಿಸಿಕೊಂಡಾಗ, ದಕ್ಷಿಣ ಕೊಡಗಿನ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ನನ್ನ ಬಳಿಗೆ ಬಂದರು. ಗಡಿಯಾಚೆಯ ಆಸ್ಪತ್ರೆಯಲ್ಲಿ, ಶಂಕಿತ ರೋಗಿಯಿದ್ದ ವಾರ್ಡಿನಲ್ಲೇ, ಭಾವನ ಆರೈಕೆಗೆ ನಿಂತಿದ್ದವರು ಅವರು. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಕಾಗದವನ್ನು ಬಿಡಿಸಿ ಮೇಜಿನ ಮೇಲಿಟ್ಟು, “ನೆಗೆಟಿವ್ ಬಂತಲ್ಲ ಡಾಕ್ಟ್ರೇ, ನಾಳೆಯಿಂದ ಕೆಲಸಕ್ಕೆ ಹೋಗಲೇ?” ಎಂದರು.

ಈ ಪ್ರಶ್ನೆಗೆ ಉತ್ತರಿಸಿ ಉತ್ತರಿಸಿ ನನಗೆ ಸಾಕಾಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ. ವೈರಸ್ ದೇಹ ಹೊಕ್ಕ ಮೇಲೆ ಪರೀಕ್ಷೆಗೆ ಸಿಗುವಷ್ಟು ಹೆಚ್ಚಲು ಕಾಲ ಬೇಕು. ನಿಫಾದಲ್ಲಿ ಲಕ್ಷಣಗಳು ಸಾಮಾನ್ಯವಾಗಿ 4ರಿಂದ 14 ದಿನಗಳೊಳಗೆ ತೋರುತ್ತವೆ, ಅಪರೂಪಕ್ಕೆ ಇನ್ನೂ ತಡವಾಗುವುದುಂಟು. ಕೆಲವು ದಿನಗಳ ನಂತರ ಗಿಡವನ್ನು ಹೂವಿಗೆ ತರುವ ಹೂಮಳೆ ಬಿದ್ದ ಮೂರನೆಯ ದಿನವೇ ಗಿಡ ನೋಡಿ ಈ ವರ್ಷ ಕಾಫಿ ಹೂವೇ ಬಿಡಲಿಲ್ಲ ಎನ್ನುವ ಬೆಳೆಗಾರ ನಮ್ಮಲ್ಲಿಲ್ಲ. ಇಂದಿನ ವರದಿ ಇಂದಿನ ಸ್ಥಿತಿಯನ್ನಷ್ಟೇ ಹೇಳುತ್ತದೆ, ಮುಂದಿನ ವಾರದ್ದನ್ನಲ್ಲ. ಹಾಗಾಗಿಯೇ ಸಂಪರ್ಕಿತರ, ಅಂದರೆ ರೋಗಿಯ ಹತ್ತಿರ ಬಂದವರ ಮೇಲೆ 21 ದಿನ ನಿಗಾ ಇಡುತ್ತಾರೆ.

ಎಬೋಲಾದಲ್ಲೂ ಲೆಕ್ಕ 21 ದಿನಗಳದ್ದೇ. 2014ರಲ್ಲಿ ನೈಜೀರಿಯಾದ ಲಾಗೋಸ್‌ಗೆ ವಿಮಾನದಲ್ಲಿ ಬಂದಿಳಿದ ಒಬ್ಬ ರೋಗಿಯಿಂದ ಸೋಂಕು ಹಬ್ಬಿದಾಗ, ಅಲ್ಲಿನ ಆರೋಗ್ಯ ಸಿಬ್ಬಂದಿ ಮನೆ ಮನೆಗೆ ಹೋಗಿ ಸುಮಾರು 890 ಸಂಪರ್ಕಿತರ ಜ್ವರ ನೋಡಿದರು. ಒಟ್ಟು ಪ್ರಕರಣ 20ಕ್ಕೆ ನಿಂತಿತು. ಆದರೆ ನಿಗಾದಲ್ಲಿದ್ದ ಒಬ್ಬರು ತಪ್ಪಿಸಿಕೊಂಡು ಪೋರ್ಟ್ ಹಾರ್ಕೋರ್ಟ್‌ಗೆ ಹೋದರು, ಅಲ್ಲಿ ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರು ಸೋಂಕಿನಿಂದ ತೀರಿಕೊಂಡರು. ಆ ವೈದ್ಯರ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಗಡಿ ದಾಟಿ ಬಂದವರೆಲ್ಲ ಮನೆಯಲ್ಲೇ ಕೂರಬೇಕೆಂದು ನಾನು ಹೇಳುತ್ತಿಲ್ಲ. ರೋಗಿಯನ್ನು ಎತ್ತಿ ಮಲಗಿಸಿದವರು, ಮೈ ಒರೆಸಿದವರು, ವಾಂತಿ ಬಳಿದವರು ಒಂದು ಬಗೆ. ಅದೇ ಊರಿನ ಬಸ್ಸಿನಲ್ಲಿ ಬಂದವರು ಇನ್ನೊಂದು ಬಗೆ. ಯಾರು ಎಲ್ಲಿರಬೇಕೆಂಬುದನ್ನು ಆರೋಗ್ಯ ಇಲಾಖೆಯವರು ಕೇಳಿ ತಿಳಿದು ನಿರ್ಧರಿಸಲಿ. ಆದರೆ ಜ್ವರ ಬಂದರೆ ನೇರವಾಗಿ ಆಸ್ಪತ್ರೆಗೆ ನುಗ್ಗದೆ ಮೊದಲು ಫೋನ್ ಮಾಡಿ, ಏಕೆಂದರೆ 2018ರಲ್ಲಿ ಕೇರಳದಲ್ಲಿ ನಿಫಾ ಸೋಂಕು ಬಹುಪಾಲು ಹರಡಿದ್ದು ಆಸ್ಪತ್ರೆಗಳ ಒಳಗೇ.

ರೈಟರ್ ಒಲ್ಲದ ಮನಸ್ಸಿನಿಂದಲೇ ಒಪ್ಪಿಕೊಂಡರು. ತೋಟದ ಹಾಜರಿ ಪುಸ್ತಕವಾದ ಚೆಕ್‌ರೋಲಿನಂತೆ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆ, ಸಂಜೆ ಜ್ವರದ ಅಳತೆ ಬರೆದಿಟ್ಟರು. ಅವರದು ತಿಂಗಳ ಸಂಬಳ, ಹೇಗೋ ನಡೆಯಿತು. ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಯ ದಿನಗೂಲಿಯವರಿಗೆ ಅದೇ ಮಾತು ಹೇಳುವ ಮೊದಲು ಅವರ ಮಾಲೀಕರಿಗೆ ನಾನೇ ಫೋನ್ ಮಾಡಿ, ಮೂರು ವಾರದ ಕೂಲಿ ಮತ್ತು ಅಕ್ಕಿಯ ವಿಷಯ ಕೇಳುತ್ತೇನೆ.