ಹಗಲಿಗೂ ರಾತ್ರಿಗೂ ಎಷ್ಟು ಅಂತರ?

ಜನವರಿಯಲ್ಲಿ ಶಿರಸಿಯ ಬೆಳಗಿನ ಜಾವಕ್ಕೆ ಕಂಬಳಿ ಬೇಕು, ಮಧ್ಯಾಹ್ನಕ್ಕೆ ನೆರಳು ಬೇಕು. ಜುಲೈನಲ್ಲಿ ಕಾರವಾರಕ್ಕೆ ಬನ್ನಿ: ಹಗಲಿಗೂ ರಾತ್ರಿಗೂ ನಾಲ್ಕೈದು ಡಿಗ್ರಿಯಷ್ಟೇ ವ್ಯತ್ಯಾಸ. ದಿನದ ಗರಿಷ್ಠ ತಾಪಮಾನದಲ್ಲಿ ಕನಿಷ್ಠವನ್ನು ಕಳೆದರೆ ಉಳಿಯುವ ಈ ಅಂತರವೇ ದೈನಿಕ ತಾಪಮಾನ ವ್ಯಾಪ್ತಿ. ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ಸರಾಸರಿಯದ್ದೇ ಮೆರವಣಿಗೆ. ನನ್ನನ್ನು ಕೇಳಿದರೆ ಈ ಅಂತರವೇ ಹೆಚ್ಚು ಬಾಯಿಬಿಡುತ್ತದೆ.

ಮೋಡ ಹಗಲು ಬಿಸಿಲನ್ನು ತಡೆಯುತ್ತದೆ, ರಾತ್ರಿ ನೆಲ ಬಿಟ್ಟ ಶಾಖವನ್ನು ಹಿಡಿದಿಡುತ್ತದೆ. ಒದ್ದೆ ನೆಲದ ಮೇಲೆ ಬಿದ್ದ ಬಿಸಿಲಿನ ದೊಡ್ಡ ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಮಳೆಗಾಲದಲ್ಲಿ ಅಂತರ ಕುಗ್ಗುವುದು ಹೀಗೆ. ಚಳಿಗಾಲದಲ್ಲಿ ಆಕಾಶ ತಿಳಿ, ಗಾಳಿ ಒಣ. ಶಾಖ ಸಲೀಸಾಗಿ ಮೇಲೇರಿ ಹೋಗುತ್ತದೆ.

ಇಂಗಾಲದ ಡೈಆಕ್ಸೈಡ್ ಹಗಲು ರಾತ್ರಿ ಎನ್ನದೆ ಶಾಖ ಹಿಡಿಯುತ್ತದೆ, ಆದರೂ ಎಷ್ಟೋ ಕಡೆ ರಾತ್ರಿಗೇ ಪೆಟ್ಟು ಜಾಸ್ತಿ. ಹಗಲು ಕಾದ ಗಾಳಿ ಕಿಲೋಮೀಟರಿನಷ್ಟು ಎತ್ತರದವರೆಗೂ ಕಲಕಿಕೊಳ್ಳುತ್ತದೆ. ರಾತ್ರಿ ನೆಲಕ್ಕಂಟಿದ ಪದರ ಬಲು ತೆಳು. ಹಂಡೆಯಡಿಯ ಬೆಂಕಿಯನ್ನೇ ತಂಬಿಗೆಯಡಿಗೆ ಇಟ್ಟಂತೆ, ಅಷ್ಟೇ ಶಾಖಕ್ಕೆ ಅದು ಬೇಗ ಬಿಸಿಯಾಗುತ್ತದೆ. 1951ರಿಂದ 1990ರವರೆಗೆ, ಅಧ್ಯಯನಕ್ಕೆ ದಾಖಲೆ ಸಿಕ್ಕ ಭೂಭಾಗಗಳಲ್ಲಿ ಕನಿಷ್ಠ ತಾಪಮಾನ 0.84 ಡಿಗ್ರಿ ಏರಿದರೆ ಗರಿಷ್ಠ ಏರಿದ್ದು 0.28 ಮಾತ್ರ.

ಭಾರತ ಈ ದಾರಿ ಹಿಡಿಯಲಿಲ್ಲ. ಪುಣೆಯ ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಇಲ್ಲಿ ಹೆಚ್ಚು ಏರಿದ್ದು ಹಗಲಿನ ಬಿಸಿಯೇ. ಅಂತರ ಕುಗ್ಗುವ ಬದಲು ಹಿಗ್ಗಿತ್ತು. ಅದೂ ಎಲ್ಲೆಡೆ ಒಂದೇ ತೆರನಲ್ಲ. ಪಂಜಾಬ್, ಗಂಗಾ ಬಯಲಿನಲ್ಲಿ ನೀರಾವರಿ ಮತ್ತು ದೂಳು-ಹೊಗೆಯ ಮಬ್ಬು ಹಗಲಿನ ಏರಿಕೆಗೆ ಲಗಾಮು ಹಾಕಿವೆ. ಜಗತ್ತಿನ ಸೂತ್ರವನ್ನು ತಂದು ಹೊನ್ನಾವರಕ್ಕೋ ಯಲ್ಲಾಪುರಕ್ಕೋ ಅಂಟಿಸಿದರೆ ಎಡವುತ್ತೇವೆ.

ಕರಾವಳಿಯ ಲೆಕ್ಕದಲ್ಲಿ ಕಡಲನ್ನು ಬಿಡುವಂತಿಲ್ಲ. 1951ರಿಂದ 2015ರೊಳಗೆ ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ ಸುಮಾರು 1 ಡಿಗ್ರಿ ಕಾದಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಆ ಆವಿಯೂ ರಾತ್ರಿಯ ಶಾಖವನ್ನು ತಡೆದಿಡುತ್ತದೆ. ಇದರ ಬಿಸಿ ಮನುಷ್ಯರಿಗಷ್ಟೇ ತಟ್ಟುವುದಿಲ್ಲ. ಮಾವು ಹೂ ಬಿಡಲು ತಂಪು ರಾತ್ರಿಗಳು ಬೇಕು, ಅಂಕೋಲಾದ ಕರಿ ಈಶಾಡ ತಳಿಗೂ.

ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಿಸಿಗಾಳಿ. ‘ಬಿಸಿ ರಾತ್ರಿ’ ಎಂಬ ಘೋಷಣೆಯೂ ಇದೆ. ಆದರೆ ಹಗಲು 40 ಡಿಗ್ರಿ ತಲುಪಿದ್ದರೆ ಮಾತ್ರ. ಫ್ಯಾನಿನಡಿ ಬೆವರುತ್ತ ಹೊರಳಾಡುವ ಕಾರವಾರದ ಮೇ ರಾತ್ರಿಗಳು ಆ ಪಟ್ಟಿಗೆ ಸೇರುವುದೇ ಅಪರೂಪ.