ಪೋಲ್ಸ್ಕಾ ಬೇರೆ, ಪೋಲ್ಕಾ ಬೇರೆ

ಸ್ವೀಡನ್ನಿನ ಪಿಟೀಲು ವಿಡಿಯೊ ಹಂಚಿಕೊಂಡು ‘ಎಂಥಾ ಚಂದದ ಪೋಲ್ಕಾ!’ ಅಂತ ಬರೆದಿದ್ದನ್ನು ಈ ವಾರ ಮೂರನೇ ಸಲ ನೋಡಿದೆ. ಅದು ಪೋಲ್ಕಾ ಅಲ್ಲ, ಪೋಲ್ಸ್ಕಾ: ಸ್ವೀಡನ್ನಿನ ಜನಪದ ಕುಣಿತ, ಅದರ ಸಂಗೀತಕ್ಕೂ ಅದೇ ಹೆಸರು.

ಗೊಂದಲಕ್ಕೆ ಕಾರಣ ಇದೆ, ಒಪ್ಪುತ್ತೇನೆ. ಎರಡು ಹೆಸರಿಗೂ ಪೋಲೆಂಡಿನ ನಂಟಿದೆ. ಸ್ವೀಡಿಷ್‌ನಲ್ಲಿ ಪೋಲ್ಸ್ಕಾ ಅಂದರೆ ‘ಪೋಲೆಂಡಿನದು’. ಚೆಕ್ ಭಾಷೆಯಲ್ಲಿ ಪೋಲ್ಕಾ ಅಂದರೆ ಪೋಲೆಂಡಿನ ಹೆಂಗಸು. ಆದರೆ ಪೋಲ್ಕಾ ಕುಣಿತ ಹುಟ್ಟಿದ್ದು 1830ರ ದಶಕದಲ್ಲಿ, ಈಗಿನ ಚೆಕ್ ದೇಶದ ಬೊಹೀಮಿಯಾದಲ್ಲಿ. ಅದು ಎರಡೆಣಿಕೆಯದು, ಅಂದರೆ ತಾಳ ಒಂದು-ಎರಡು, ಒಂದು-ಎರಡು ಅಂತ ಸಾಗುತ್ತದೆ. ಪೋಲ್ಸ್ಕಾ ಮೂರೆಣಿಕೆಯದು, ಅದಕ್ಕಿಂತ ಎಷ್ಟೋ ಹಳೆಯದು. ಇನ್ನು ಪೋಲೆಂಡಿಗೆ ಹೋಗಿ ‘ಒಂದು ಪೋಲ್ಸ್ಕಾ ನುಡಿಸಿ’ ಅಂದರೆ ಅವರಿಗೆ ಕೇಳಿಸುವುದು ಅವರ ದೇಶದ ಹೆಸರು! ಅಲ್ಲಿನ ಮೂರೆಣಿಕೆಯ ಕುಣಿತಗಳು ಮಝುರ್, ಓಬೆರೆಕ್, ಕುಯಾವ್ಯಾಕ್; ಇವನ್ನು ಒಟ್ಟಾಗಿ ಮಝುರ್ಕಾ ಅನ್ನುವುದೂ ಉಂಟು.

1592ರಿಂದ 1599ರವರೆಗೆ ಸ್ವೀಡನ್, ಪೋಲೆಂಡ್ ಎರಡಕ್ಕೂ ಸಿಗಿಸ್ಮಂಡ್ ವಾಸಾ ಒಬ್ಬನೇ ರಾಜ. ಆ ಕಾಲದ ‘ಪೋಲಿಷ್ ಕುಣಿತ’ಕ್ಕೆ ಎರಡು ಭಾಗ: ಮೊದಲು ಎರಡೆಣಿಕೆಯ ನಡಿಗೆ, ಆಮೇಲೆ ಮೂರೆಣಿಕೆಯ ಚುರುಕು ಕುಣಿತ. ಸ್ವೀಡನ್ನಿನಲ್ಲಿ ಬೇರೂರಿದ್ದು ಈ ಎರಡನೆಯದು.

‘ಮೂರೆಣಿಕೆ ಅಂದರೆ ವಾಲ್ಟ್ಸ್ ಅಲ್ವಾ?’ ಅನ್ನುವವರೂ ಇದ್ದಾರೆ. ವಾಲ್ಟ್ಸ್ ಕೂಡ ಮೂರೆಣಿಕೆಯ ಜೋಡಿ ಕುಣಿತವೇ, ಆದರೆ ಇದು ಅದಲ್ಲ. ಪೋಲ್ಸ್ಕಾ ನುಡಿಸುವವರ ಕಾಲು ನೋಡಿ. ಒಂದಕ್ಕೆ ನೆಲ ಬಡಿಯುತ್ತದೆ, ಎರಡಕ್ಕೆ ಸುಮ್ಮನಿರುತ್ತದೆ, ಮೂರಕ್ಕೆ ಮತ್ತೆ ಬಡಿಯುತ್ತದೆ. ಕೆಲವು ಸೀಮೆಗಳಲ್ಲಿ ಮೊದಲ ಎಣಿಕೆ ಗಿಡ್ಡ, ಎರಡನೆಯದು ಉದ್ದ. ಪೋಲೆಂಡಿನ ಮಝುರ್ಕಾದಲ್ಲೂ ಎಣಿಕೆಗಳು ಹೀಗೆ ಎಳೆದಾಡುತ್ತವೆ. ಪೋಲೆಂಡಿನ ಸಂಗೀತ ರಚನೆಕಾರ ಶೋಪ್ಯಾನ್ ತನ್ನದೇ ಮಝುರ್ಕಾ ನುಡಿಸುವಾಗ ಅದು ನಾಲ್ಕೆಣಿಕೆಯಂತೆ ಕೇಳುತ್ತದೆ ಅಂತ ಪಿಯಾನೊ ವಾದಕ ಚಾರ್ಲ್ಸ್ ಹಾಲೆ ಹೇಳಿದ. ಶೋಪ್ಯಾನ್ ಒಪ್ಪಲಿಲ್ಲ. ಹಾಲೆ ಪಕ್ಕದಲ್ಲಿ ನಿಂತು ಜೋರಾಗಿ ನಾಲ್ಕು ಎಣಿಸಿ ತೋರಿಸಿದ. ಆಗ ಶೋಪ್ಯಾನ್ ನಕ್ಕು, ಅದು ನಮ್ಮ ನಾಡಿನ ಕುಣಿತದ ಗುಣ ಅಂದನಂತೆ.

ನನಗೆ ಎರಡೂ ದೇಶದ ಸಂಗೀತದಲ್ಲಿ ಇಷ್ಟವಾಗುವುದು ಈ ಎಳೆತವೇ. ಹಳೇ ಧಾಟಿಗೆ ಹೊಸ ವಾದ್ಯ ಸೇರಿಸಲಿ, ನನ್ನದೇನೂ ತಕರಾರಿಲ್ಲ. ಸ್ವೀಡನ್ನಿನ ವೇಸೆನ್ ತಂಡ ನಿಕೆಲ್‌ಹಾರ್ಪಾ (ಕೀಲಿಗಳಿರುವ, ಕಮಾನಿನಿಂದ ನುಡಿಸುವ ತಂತಿವಾದ್ಯ) ಜೊತೆ 12 ತಂತಿಯ ಗಿಟಾರ್ ನುಡಿಸಿತು, ಆದರೂ ಪೋಲ್ಸ್ಕಾ ಪೋಲ್ಸ್ಕಾ ಆಗಿಯೇ ಉಳಿಯಿತು. ಪೋಲೆಂಡಿನ ಯಾನುಷ್ ಪ್ರುಸಿನೋವ್ಸ್ಕಿ ಹಳ್ಳಿಯ ಹಿರಿಯ ಪಿಟೀಲುಗಾರರಿಂದ ಕಲಿತು ಮಝುರ್ಕಾವನ್ನು ಇವತ್ತಿನ ವೇದಿಕೆಗೆ ತಂದರು. ಆದರೆ ಒಂದೇ ಬಡಿತ ಮತ್ತೆ ಮತ್ತೆ ಬರುವ ಡ್ರಮ್ ಲೂಪ್ ಹಾಕಿ ಮೂರೂ ಎಣಿಕೆಯನ್ನು ಸಮ ಮಾಡಿಬಿಟ್ಟರೆ ಅದನ್ನು ಪೋಲ್ಸ್ಕಾ ಅನ್ನಬೇಡಿ, ಮಝುರ್ಕಾ ಅಂತಲೂ ಅನ್ನಬೇಡಿ. ಕುಣಿಯುವವರ ಕಾಲಿಗೆ ಮೊದಲ ಸುತ್ತಿನಲ್ಲೇ ಅದು ಗೊತ್ತಾಗುತ್ತದೆ.